ಹೊಸ್ತಿಲ ಪರೀಕ್ಷೆಗಳು

ಹೊರನಾಡಿಗೆ ಹೋಗಿ ವಿದ್ಯೆ ಸಂಪಾದಿಸುವ ಹಂಬಲ ನಮ್ಮವರಿಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ನೆರವು ಪಡೆದು ಅಮೆರಿಕಕ್ಕೆ ತೆರಳಿ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ವ್ಯಾಸಂಗ ಕೈಗೊಂಡಾಗ ಅಂಥವರ ಸಂಖ್ಯೆ ತೀರ ಸಣ್ಣದು. ಪರದೇಶದ ವಿದ್ಯಾರ್ಥಿಗಳ ಇಂಗ್ಲಿಷನ್ನು ಅಳೆಯುವ ಟೋಫೆಲ್ ಪರೀಕ್ಷೆ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಅದು ಬಂದದ್ದು 1964ರಲ್ಲಿ. ಇಂದಿನ ಚಿತ್ರ ಬೇರೆ. 2023–24ನೆಯ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದ ವಿದ್ಯಾಲಯಗಳಲ್ಲಿ ಓದುತ್ತಿದ್ದ, ಇಲ್ಲವೆ ಓದು ಮುಗಿಸಿ ಅಲ್ಲಿಯೇ ತರಬೇತಿಯಲ್ಲಿದ್ದ ಭಾರತೀಯರು 3,31,602 ಮಂದಿ. ಅವರಲ್ಲಿ ಕನ್ನಡ ಮನೆಮಾತಿನ ಮಕ್ಕಳು ಎಷ್ಟೋ. ಇಂದು ಈ ಹೊರಡುವಿಕೆ ಪಟ್ಟಣದ ಸಿರಿವಂತರ ಮನೆಗಳಿಗಷ್ಟೇ ಸೀಮಿತವಲ್ಲ. ತೋಟ ಅಡವಿಟ್ಟು, ಹಳೆಯ ಒಡವೆ ಮಾರಿ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರೂ ಈ ಸಾಲಿನಲ್ಲಿದ್ದಾರೆ.

ಹೀಗೆ ಹೊರಟವರು ಬಹುಮಟ್ಟಿಗೆ ಒಂದು ಹೊಸ್ತಿಲನ್ನು ದಾಟಬೇಕು. ಆ ಹೊಸ್ತಿಲಿಗೆ ಎಸ್‌ಎಟಿ, ಜಿಆರ್‌ಇ, ಜಿಮ್ಯಾಟ್, ಟೋಫೆಲ್, ಐಇಎಲ್‌ಟಿಎಸ್ ಎಂದು ಹಲವು ಹೆಸರು. ಕೇಳಿದರೆ ಔಷಧಗಳ ಪಟ್ಟಿಯಂತಿರುವ ಈ ಹೆಸರುಗಳನ್ನು ಹಿಡಿದುಕೊಂಡು, ದಿಕ್ಕು ತೋಚದೆ ಬರುವ ಹುಡುಗ ಹುಡುಗಿಯರಿಗೆ ದಾರಿ ಹೇಳುವ ಕೆಲಸವನ್ನು ನಾನು ಹಲವು ವರ್ಷ ಒಂದು ಸಲಹಾ ಕೇಂದ್ರದಲ್ಲಿ ಮಾಡಿದ್ದೇನೆ. ಈ ಪರೀಕ್ಷೆಗಳು ಯಾವುವು, ಅವು ಅಳೆಯುವುದೇನು, ಅಳೆಯಲಾರದ್ದೇನು, ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ, ಎಂಬುದನ್ನು ಆ ಅನುಭವದ ಬಲದಿಂದ ಇಂದು ಕೆಲಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ.

ಮೊದಲು ಸಲಹಾ ಕೇಂದ್ರವೆಂದರೇನು ಎಂಬುದನ್ನು ನೋಡೋಣ. ಎರಡನೆಯ ಮಹಾಯುದ್ಧದ ನಂತರ ದೇಶದೇಶಗಳ ನಡುವೆ ವಿದ್ಯಾರ್ಥಿಗಳ, ಅಧ್ಯಾಪಕರ ವಿನಿಮಯ ಬೆಳೆಯಬೇಕೆಂಬ ಆಶಯದಿಂದ ಅಮೆರಿಕದಲ್ಲಿ 1946ರಲ್ಲಿ ಫುಲ್‌ಬ್ರೈಟ್ ಶಾಸನ ಜಾರಿಗೆ ಬಂತು. 1950ರ ಫೆಬ್ರವರಿಯಲ್ಲಿ ಜವಾಹರಲಾಲ್ ನೆಹರೂ ಅವರೂ ಅಮೆರಿಕದ ರಾಯಭಾರಿಯೂ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಫಲವಾಗಿ ಭಾರತದಲ್ಲಿ ಒಂದು ಶೈಕ್ಷಣಿಕ ಪ್ರತಿಷ್ಠಾನ ಸ್ಥಾಪನೆಯಾಯಿತು. 2008ರಲ್ಲಿ ಭಾರತವೂ ಅದರ ಸಮಪಾಲುದಾರನಾಗಿ, ಪ್ರತಿಷ್ಠಾನದ ಹೆಸರಿನಲ್ಲಿಯೂ ಭಾರತದ ಹೆಸರು ಸೇರಿಕೊಂಡಿತು. ವಿದ್ಯಾರ್ಥಿವೇತನಗಳ ಜೊತೆಗೆ, ಅಮೆರಿಕದಲ್ಲಿ ಓದಬಯಸುವವರಿಗೆ ತಿಳಿವಳಿಕೆ ನೀಡುವುದೂ ಇಂಥ ಸಂಸ್ಥೆಗಳ ಕೆಲಸವಾಯಿತು. ಇಂದು ಎಜುಕೇಶನ್‌ಯುಎಸ್‌ಎ ಎಂಬ ಹೆಸರಿನಲ್ಲಿ ನೂರಾರು ಸಲಹಾ ಕೇಂದ್ರಗಳು ಲೋಕದ ಹಲವು ದೇಶಗಳಲ್ಲಿ ಹರಡಿವೆ. ಬ್ರಿಟನ್ನಿನ ವಿಷಯದಲ್ಲಿ ಬ್ರಿಟಿಷ್ ಕೌನ್ಸಿಲ್ ಹಾಗೆಯೇ ಮಾಹಿತಿ ಒದಗಿಸುತ್ತದೆ.

ಇಂಥ ಕೇಂದ್ರಕ್ಕೂ ಬೀದಿಬೀದಿಯಲ್ಲಿ ಫಲಕ ತೂಗುಹಾಕಿಕೊಂಡಿರುವ ಏಜೆಂಟರ ಅಂಗಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಏಜೆಂಟನಿಗೆ, ತಾನು ಕಳಿಸಿದ ತಲೆಯೊಂದಕ್ಕೆ ಇಂತಿಷ್ಟು ಎಂದು ಆ ಕಾಲೇಜಿನಿಂದಲೇ ಕಮಿಷನ್ನು ಸಂದಾಯವಾಗುವುದುಂಟು. ಎಜುಕೇಶನ್‌ಯುಎಸ್‌ಎ ಕೇಂದ್ರದ ಸಲಹೆಗಾರನು ಕಮಿಷನ್ನು ಮುಟ್ಟುವಂತಿಲ್ಲ, ‘ಈ ಕಾಲೇಜು ಮೇಲು, ಆ ಕಾಲೇಜು ಕೀಳು’ ಎಂದು ಶ್ರೇಣಿ ಕಟ್ಟುವಂತಿಲ್ಲ. ಮಾನ್ಯತೆ ಪಡೆದ ವಿದ್ಯಾಲಯ ಯಾವುದು, ಖರ್ಚೆಷ್ಟು, ನೆರವು ಎಲ್ಲಿ ಸಿಗುತ್ತದೆ, ಯಾವ ಪರೀಕ್ಷೆ ಬೇಕು, ಯಾವುದು ಬೇಡ, ಇಷ್ಟನ್ನು ನಿರ್ವಂಚನೆಯಿಂದ ಹೇಳಿ, ಆಯ್ಕೆಯನ್ನು ಬಂದವರಿಗೇ ಬಿಟ್ಟುಕೊಡುವುದು ಅವನ ಧರ್ಮ.

ಇನ್ನು ಪರೀಕ್ಷೆಗಳ ವಿಚಾರ. ಇವು ಏಕೆ ಹುಟ್ಟಿದವು? ಹಿಂದೆ ನಮ್ಮ ಸಂತೆಗಳಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಭತ್ತ ಕೊಳ್ಳುವವನು ‘ಯಾವೂರ ಸೇರು?’ ಎಂದು ಕೇಳಿಯೇ ವ್ಯಾಪಾರಕ್ಕೆ ಇಳಿಯುತ್ತಿದ್ದ. ಪರೀಕ್ಷೆಯ ಅಂಕಗಳ ಗತಿಯೂ ಇದೇ. ನಮ್ಮಲ್ಲಿ ನೂರಕ್ಕೆ ಅರವತ್ತು ಬಂದರೆ ಮೊದಲ ದರ್ಜೆ. ಅಮೆರಿಕದ ಶಾಲೆಯಲ್ಲಿ ಅದೇ ಅರವತ್ತು, ಹುಡುಗ ಹೇಗೋ ದಡ ಸೇರಿದ ಎಂಬುದರ ಗುರುತು. ನೂರು ದೇಶಗಳಿಂದ ಬಂದ ಅರ್ಜಿಗಳನ್ನು ಮುಂದಿಟ್ಟುಕೊಂಡ ಪ್ರವೇಶಾಧಿಕಾರಿಗೆ ಎಲ್ಲರನ್ನೂ ತೂಗುವ ಒಂದೇ ತಕ್ಕಡಿ ಬೇಕೆನಿಸುವುದು ಸಹಜ. ಅಮೆರಿಕದೊಳಗೇ ಈ ತೊಂದರೆ ಇತ್ತು. ಕಾಲೇಜಿಗೊಂದು ಪ್ರವೇಶಪರೀಕ್ಷೆ ಎಂಬ ಗೊಂದಲವನ್ನು ಪರಿಹರಿಸಲೆಂದೇ 1900ರಲ್ಲಿ ಕಾಲೇಜ್ ಬೋರ್ಡ್ ಸ್ಥಾಪಿತವಾಯಿತು. 1926ರಲ್ಲಿ ಅದು ಎಸ್‌ಎಟಿ ಪರೀಕ್ಷೆಯನ್ನು ಮೊದಲ ಬಾರಿಗೆ ನಡೆಸಿತು. 1947ರಲ್ಲಿ ಮೂರು ಸಂಸ್ಥೆಗಳ ಪರೀಕ್ಷಾಕಾರ್ಯ ಒಂದುಗೂಡಿ, ಪ್ರಿನ್ಸ್‌ಟನ್ನಿನ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್, ಎಂದರೆ ಇಟಿಎಸ್ ಹುಟ್ಟಿತು. ಜಿಆರ್‌ಇ, ಟೋಫೆಲ್ ಪರೀಕ್ಷೆಗಳು ಇಂದು ಇದರ ಕೈಯಲ್ಲಿವೆ.

ಈ ಇತಿಹಾಸದಲ್ಲಿ ಒಂದು ಸಂಗತಿಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ. ಎಸ್‌ಎಟಿಯನ್ನು ರೂಪಿಸಿದವರು ಕಾರ್ಲ್ ಬ್ರಿಗಮ್ ಎಂಬ ಮನಶ್ಶಾಸ್ತ್ರಜ್ಞರು. ಮೊದಲ ಮಹಾಯುದ್ಧದ ಕಾಲದ ಸೈನಿಕರ ಪರೀಕ್ಷೆಗಳನ್ನು ಆಧರಿಸಿ, ಜನಾಂಗ ಜನಾಂಗಗಳ ಬುದ್ಧಿಯಲ್ಲಿ ಹುಟ್ಟಿನಿಂದಲೇ ಮೇಲುಕೀಳು ಇದೆಯೆಂದು 1923ರಲ್ಲಿ ಅವರು ಪುಸ್ತಕವನ್ನೇ ಬರೆದರು. ಆದರೆ 1930ರಲ್ಲಿ ತಮ್ಮ ತೀರ್ಮಾನಕ್ಕೆ ಆಧಾರವಿಲ್ಲವೆಂದು ತಾವೇ ಬಹಿರಂಗವಾಗಿ ಅದನ್ನು ಹಿಂತೆಗೆದುಕೊಂಡರು. ಒಂದು ಭಾಷೆಯಲ್ಲಿ, ಒಂದು ಬಗೆಯ ಶಾಲೆಯಲ್ಲಿ ಪಳಗಿದವರಿಗೆ ಅನುಕೂಲವಾದ ಪ್ರಶ್ನೆಗಳನ್ನು ಇನ್ನೊಬ್ಬರ ಮುಂದಿಟ್ಟು, ಬಂದ ಅಂಕವನ್ನು ಅವರ ಹುಟ್ಟುಬುದ್ಧಿ ಎಂದು ಕರೆಯುವುದು ಸಲ್ಲದು. ತಕ್ಕಡಿಯನ್ನು ಮಾಡಿದಾತನಿಗೇ ಇದು ಮನವರಿಕೆಯಾದ ಮೇಲೆ, ಅದರಲ್ಲಿ ತೂಗಿಸಿಕೊಳ್ಳುವ ನಮಗೆ ಅದು ನೆನಪಿರಬೇಡವೆ?

ತೊಡಕು ಹೆಸರಿನಿಂದಲೇ ಪ್ರಾರಂಭವಾಗುತ್ತದೆ ಎಂದರೆ ನೀವು ನಗಬಹುದು. ಕನ್ನಡನಾಡಿನಲ್ಲಿ ಹೆಸರಿಗೆ ಮುಂಚೆ ಇನಿಷಿಯಲ್ಲುಗಳನ್ನು ಇಟ್ಟುಕೊಳ್ಳುವುದು ವಾಡಿಕೆ. ಕೆ. ಎನ್. ಶಾರದಾ ಎಂಬುವಳನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಕೆ. ಎಂದರೆ ಕೊಪ್ಪ, ಊರು, ಎನ್. ಎಂದರೆ ನಾರಾಯಣ, ತಂದೆ. ಅಂಕಪಟ್ಟಿಯಲ್ಲಿ ‘ಶಾರದಾ ಕೆ. ಎನ್.’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ‘ಕೊಪ್ಪ ನಾರಾಯಣ ಶಾರದಾ’ ಎಂದು ಬಿಡಿಸಿ ಬರೆದಿರುತ್ತದೆ. ಪರೀಕ್ಷೆಯ ಅರ್ಜಿ ಕೇಳುವುದು ಕೊಟ್ಟ ಹೆಸರು, ಮನೆತನದ ಹೆಸರು ಎಂಬ ಎರಡನ್ನು. ಗುರುತಿನ ಪತ್ರದಲ್ಲಿ, ಎಂದರೆ ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ, ಇರುವ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದಿದ್ದರೆ ಪರೀಕ್ಷೆಯ ದಿನ ಬಾಗಿಲಿನಿಂದಲೇ ಹಿಂದೆ ಕಳಿಸಬಹುದು. ಕಟ್ಟಿದ ಹಣವೂ ಹೋಗುತ್ತದೆ. ಇನ್ನು ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೇ ಇಲ್ಲದೆ ಬರಿಯ ‘ಶಾರದಾ’ ಎಂದಿದ್ದರೆ, ಅಮೆರಿಕದ ವೀಸಾದಲ್ಲಿ ಆ ಒಂದು ಹೆಸರು ಮನೆತನದ ಜಾಗಕ್ಕೆ ಹೋಗಿ, ಕೊಟ್ಟ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಜ್ಜಿ ತೊಟ್ಟಿಲಲ್ಲಿ ಕಿವಿಗೆ ಹೇಳಿ ಇಟ್ಟ ಹೆಸರು ಕಡಲಾಚೆ ‘ತಿಳಿಯದು’ ಎಂದಾಗುವುದು! ಆದ್ದರಿಂದ ನಮ್ಮ ಮೊದಲ ಉಪದೇಶ ಓದಿನದಲ್ಲ: ಪಾಸ್‌ಪೋರ್ಟನ್ನು ಮೊದಲೇ ಮಾಡಿಸಿ, ಅದರಲ್ಲಿ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಂಡು, ಅಕ್ಷರವೂ ಬದಲಾಗದಂತೆ ಅದನ್ನೇ ಎಲ್ಲ ಅರ್ಜಿಗಳಲ್ಲಿಯೂ ತುಂಬಬೇಕು.

ಎರಡನೆಯದು ಅಂಕಗಳನ್ನು ಓದುವ ಬಗೆ. ನಮ್ಮ ಮಕ್ಕಳಿಗೆ ನೂರಕ್ಕೆ ಇಷ್ಟು ಎಂಬುದೊಂದೇ ಗೊತ್ತು. ಜಿಆರ್‌ಇಯಲ್ಲಿ ಭಾಷೆಗೂ ಗಣಿತಕ್ಕೂ ಅಳತೆ 130ರಿಂದ 170ರವರೆಗೆ. ‘ಸಾರ್, 145 ಬಂದಿದೆ, ಒಂದೂನೂರೆಪ್ಪತ್ತಕ್ಕೆ ನೂರನಲವತ್ತೈದು, ಡಿಸ್ಟಿಂಕ್ಷನ್ನೇ ಅಲ್ಲವೆ?’ ಎಂದು ಸಂಭ್ರಮದಿಂದ ಬಂದವರನ್ನು ನಾನು ಕಂಡಿದ್ದೇನೆ. ಅಳತೆ ಶುರುವಾಗುವುದೇ 130ರಿಂದ ಎಂದು ತಿಳಿಸುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಶೇಕಡಾ ಸ್ಥಾನ. ನಿಮಗಿಂತ ಕಡಿಮೆ ಪಡೆದವರು ನೂರಕ್ಕೆ ಎಷ್ಟು ಮಂದಿ ಎಂಬುದನ್ನು ಅದು ಹೇಳುತ್ತದೆ. ಭಾಷಾವಿಭಾಗದಲ್ಲಿ 160 ಪಡೆದವನು ಹತ್ತರಲ್ಲಿ ಎಂಟು ಮಂದಿಗಿಂತ ಮೇಲಿರುತ್ತಾನೆ. ಗಣಿತದಲ್ಲಿ ಅದೇ 160 ಪಡೆದವನು ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಹಿಂದೆ ಹಾಕಿರುತ್ತಾನೆ. ಗಣಿತದಲ್ಲಿ ಗಟ್ಟಿಯಾದ ಏಷ್ಯಾದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಇದನ್ನು ಬರೆಯುವುದೇ ಇದಕ್ಕೆ ಒಂದು ಕಾರಣ. ಒಂದೇ ಸಂಖ್ಯೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಬಯಲು.

ಅಳತೆಗೋಲುಗಳು ಆಗಾಗ ಬದಲಾಗುವುದೂ ಉಂಟು. ಜಿಆರ್‌ಇಯ ಹಳೆಯ ಅಳತೆ 200ರಿಂದ 800; ಅದು ಹೋದದ್ದು 2011ರಲ್ಲಿ. ವ್ಯವಹಾರಶಾಸ್ತ್ರದ ಜಿಮ್ಯಾಟ್ 2023ರ ಕೊನೆಯಲ್ಲಿ ಹೊಸ ರೂಪ ತಳೆದು, 205ರಿಂದ 805ರ ಅಳತೆಗೆ ಬಂತು. ಟೋಫೆಲ್ 120ರ ಲೆಕ್ಕದಲ್ಲಿತ್ತು. 2026ರ ಜನವರಿಯಿಂದ ಅದಕ್ಕೆ 1ರಿಂದ 6ರ ಹೊಸ ಅಳತೆ ಬಂದಿದೆ. ಅಣ್ಣನಿಗೆ ಬಂದ ಅಂಕವನ್ನು ತಂಗಿಯ ಅಂಕಕ್ಕೆ ಹೋಲಿಸಿ ಮನೆಯಲ್ಲಿ ರಂಪ ಮಾಡುವ ಹಿರಿಯರು ಇದನ್ನು ನೆನಪಿಡಬೇಕು. ಇಬ್ಬರನ್ನೂ ತೂಗಿದ್ದು ಒಂದೇ ತಕ್ಕಡಿಯಲ್ಲಲ್ಲ.

ಮೂರನೆಯದು ಪರೀಕ್ಷೆಯ ಕೊಠಡಿಯೊಳಗಿನ ನಡವಳಿಕೆ. ನಮ್ಮ ಮಕ್ಕಳು ಇಂಜಿನಿಯರಿಂಗಿಗೆ, ವೈದ್ಯಕೀಯಕ್ಕೆ ಬರೆಯುವ ದೊಡ್ಡ ಪ್ರವೇಶಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಅಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ಬಿಡುವುದೇ ವಿವೇಕ. ಆ ಅಭ್ಯಾಸವನ್ನು ಹೊತ್ತುಕೊಂಡೇ ಅವರು ಇಲ್ಲಿಗೂ ಬರುತ್ತಾರೆ. ಜಿಆರ್‌ಇಯಲ್ಲಿ ತಪ್ಪಿಗೆ ದಂಡವಿಲ್ಲ. ಎಸ್‌ಎಟಿಯಲ್ಲಿ ಇದ್ದ ದಂಡವನ್ನು 2016ರಲ್ಲಿ ತೆಗೆದುಹಾಕಿದರು. ಇಲ್ಲಿ ಖಾಲಿ ಬಿಟ್ಟ ಪ್ರಶ್ನೆ ಕೈಯಾರೆ ಚೆಲ್ಲಿದ ಕಾಳು. ಇನ್ನೊಂದು ವಿಶೇಷ: ಇಂದು ಇವು ಗಣಕಯಂತ್ರದ ಮೇಲೆ ನಡೆಯುವ ಪರೀಕ್ಷೆಗಳು. ಮೊದಲ ಭಾಗವನ್ನು ಚೆನ್ನಾಗಿ ಮಾಡಿದವನಿಗೆ ಯಂತ್ರವು ಎರಡನೆಯ ಭಾಗದಲ್ಲಿ ಹೆಚ್ಚು ಕಠಿಣವಾದ ಪ್ರಶ್ನೆಗಳನ್ನು ಆರಿಸಿ ಕೊಡುತ್ತದೆ. ಇದು ತಿಳಿಯದ ಹುಡುಗ ‘ಎರಡನೆಯ ಭಾಗ ಕಬ್ಬಿಣದ ಕಡಲೆಯಾಯಿತು, ನನ್ನ ಕಥೆ ಮುಗಿಯಿತು’ ಎಂದು ಅಲ್ಲಿಯೇ ಕೈಚೆಲ್ಲುತ್ತಾನೆ. ಕಡಲೆ ಗಟ್ಟಿಯಾದದ್ದು ಅವನ ಹಲ್ಲು ಗಟ್ಟಿಯೆಂದು ಯಂತ್ರ ಒಪ್ಪಿಕೊಂಡದ್ದರಿಂದ! ಇಷ್ಟು ಮೊದಲೇ ತಿಳಿದಿದ್ದರೆ ಎದೆಗುಂದದೆ ಮುಂದುವರಿಯಬಹುದು.

ಈಗ ಭಾಷೆಯ ಮಾತಿಗೆ ಬರೋಣ. ಸಾಹಿತ್ಯಪ್ರಿಯರಾದ ನಿಮಗೆ ಇದು ಹೆಚ್ಚು ಸ್ವಾರಸ್ಯವೆನಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಇಂಗ್ಲಿಷಿಗೆ ಹೊರಳಿದ ವಿದ್ಯಾರ್ಥಿಗಳು ಪುಸ್ತಕದ ಇಂಗ್ಲಿಷನ್ನು ನಿಧಾನವಾಗಿಯಾದರೂ ಸರಿಯಾಗಿ ಓದಿ ತಿಳಿಯುತ್ತಾರೆ. ಕಣ್ಣಿಗೆ ಪರಿಚಿತವಾದ ಆ ಭಾಷೆ ಕಿವಿಗೆ ಮಾತ್ರ ಅಪರಿಚಿತ. ಟೋಫೆಲ್ಲಿನಲ್ಲಿ ಉಪನ್ಯಾಸದ ತುಣುಕುಗಳನ್ನು ಒಂದೇ ಒಂದು ಸಲ ಕೇಳಿಸುತ್ತಾರೆ. ‘ಇನ್ನೊಮ್ಮೆ ಹೇಳಿ’ ಎನ್ನುವಂತಿಲ್ಲ. ಇದಕ್ಕೆ ಮದ್ದು ಒಂದೇ, ದಿನವೂ ಕೇಳುವುದು. ಬಾನುಲಿಯ ಇಂಗ್ಲಿಷ್ ವಾರ್ತೆಯನ್ನು ಹತ್ತು ನಿಮಿಷ ಕೇಳಿ, ಕೇಳಿದ್ದನ್ನು ಕನ್ನಡದಲ್ಲಿ ನಾಲ್ಕು ವಾಕ್ಯವಾಗಿ ಬರೆದಿಡಲು ನಾನು ಹೇಳುತ್ತಿದ್ದೆ. ಕನ್ನಡದಲ್ಲಿ ಏಕೆ ಎಂದು ಅವರು ಅಚ್ಚರಿಪಡುತ್ತಿದ್ದರು. ಕೇಳಿದ ಪದಗಳನ್ನು ಗಿಳಿಯಂತೆ ಒಪ್ಪಿಸುವುದು ಸುಲಭ. ತನ್ನ ಮಾತಿನಲ್ಲಿ ಹೇಳಬೇಕಾದರೆ ಅರ್ಥವಾಗಿರಲೇಬೇಕು.

ಮಾತನಾಡುವ ಪರೀಕ್ಷೆಯಲ್ಲಿಯೂ ಒಂದು ಭೇದವುಂಟು. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಪರೀಕ್ಷಕರ ಮುಖ ನೋಡಿ ಮಾತನಾಡಬಹುದು. ಟೋಫೆಲ್ಲಿನಲ್ಲಿ ಮಾತು ಹೋಗುವುದು ಧ್ವನಿಗ್ರಾಹಕಕ್ಕೆ. ತಲೆದೂಗುವವರಿಲ್ಲ, ಹುಬ್ಬು ಗಂಟಿಕ್ಕುವವರೂ ಇಲ್ಲ. ಎದುರಿಗೆ ಮುಖವಿಲ್ಲದೆ ಮಾತನಾಡುವುದರ ಕಷ್ಟ ಎಂಥದೆಂಬುದು ಬಾನುಲಿಯ ಈ ಮುಚ್ಚಿದ ಕೋಣೆಯಲ್ಲಿ ಕುಳಿತ ನನಗೆ ಚೆನ್ನಾಗಿ ಗೊತ್ತು. ಯಾವ ಹುಡುಗಿ ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಾಗ ಗಟ್ಟಿಯಾಗಿ ಮಾತನಾಡಿ ಅಭ್ಯಾಸ ಮಾಡಿಕೊಂಡಳೋ ಅವಳಿಗೆ ಈ ಭಯ ಬೇಗ ಬಿಡುತ್ತದೆ. ಮನೆಯವರು ನಕ್ಕರೆ ನಗಲಿ.

ಪದಸಂಪತ್ತಿನ ವಿಷಯದಲ್ಲಿ ನಮ್ಮವರದು ಬೇರೆಯೇ ಬಗೆಯ ಸಾಹಸ. ಸಾವಿರಾರು ಇಂಗ್ಲಿಷ್ ಪದಗಳ ಪಟ್ಟಿಯನ್ನು ಅರ್ಥಸಮೇತ ಉರುಹೊಡೆಯುತ್ತಾರೆ. ಅಮರಕೋಶವನ್ನು ಬಾಯಿಪಾಠ ಮಾಡಿಸಿದ ನಾಡು ನಮ್ಮದು. ನೆನಪಿನ ಶಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ವಿರುದ್ಧಪದ ಹೇಳಿರಿ ಎಂಬಂಥ ಪ್ರಶ್ನೆಗಳನ್ನು ಜಿಆರ್‌ಇ 2011ರಲ್ಲಿಯೇ ಕೈಬಿಟ್ಟಿತು. ಈಗ ಕೇಳುವುದು ವಾಕ್ಯದೊಳಗಿನ ಪದ, ತನ್ನ ನೆರೆಹೊರೆಯೊಂದಿಗೆ ಬಾಳುವ ಪದ. ನಮ್ಮ ಭಾಷೆಯಿಂದಲೇ ಉದಾಹರಣೆ ಕೊಡುವುದಾದರೆ ಹಟ, ಛಲ ಎಂಬ ಮಾತುಗಳನ್ನು ನೋಡಿ. ನಿಘಂಟಿನಲ್ಲಿ ಇವು ಅಕ್ಕಪಕ್ಕದ ಮನೆಯವು. ‘ಛಲ ಹಿಡಿದು ಓದಿದ’ ಎಂದರೆ ಮೆಚ್ಚುಗೆ, ‘ಹಟ ಹಿಡಿದು ಕೂತ’ ಎಂದರೆ ಬೇಸರ. ಕನ್ನಡದ ಕೂಸಿಗೂ ಈ ಭೇದ ಗೊತ್ತು, ಯಾರೂ ಪಟ್ಟಿ ಮಾಡಿ ಕಲಿಸಿದ್ದಲ್ಲ. ಇಂಗ್ಲಿಷಿನಲ್ಲಿಯೂ ಈ ಕಿವಿ ಬರಬೇಕಾದರೆ ಒಳ್ಳೆಯ ಗದ್ಯವನ್ನು ಓದಬೇಕು. ಆರು ತಿಂಗಳು ಪಟ್ಟಿ ಉರುಹೊಡೆದವನಿಗಿಂತ, ಅಷ್ಟೇ ಕಾಲ ಪ್ರಬಂಧ, ವಿಜ್ಞಾನಲೇಖನ, ಇತಿಹಾಸ ಓದಿದವನು ಮುಂದೆ ಹೋದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಪ್ರಬಂಧದ ಭಾಗದಲ್ಲಿ ನಮ್ಮ ಶಾಲೆಯ ಪಾಠ ಅಡ್ಡ ಬರುತ್ತದೆ. ಪೀಠಿಕೆಗೊಂದು ಗಾದೆ, ನಡುವೆ ವಿಷಯದ ಗುಣಗಾನ, ಕೊನೆಗೆ ‘ಒಟ್ಟಿನಲ್ಲಿ ಹೇಳುವುದಾದರೆ’, ಇದು ನಾವು ಕಲಿತ ಅಚ್ಚು. ಜಿಆರ್‌ಇ ಕೇಳುವುದು ಬೇರೆ. ಒಂದು ಹೇಳಿಕೆಯನ್ನು ಕೊಟ್ಟು, ನಿನ್ನ ನಿಲುವೇನು, ಕಾರಣವೇನು, ಎದುರಾಳಿ ಏನೆಂದಾನು, ಅವನಿಗೆ ನಿನ್ನ ಉತ್ತರವೇನು ಎಂದು ಮೂವತ್ತು ನಿಮಿಷದಲ್ಲಿ ಬರೆಯಬೇಕು. ಇದನ್ನು ವಿದ್ಯಾರ್ಥಿಗಳು ಪರದೇಶದ ಯಾವುದೋ ಹೊಸ ವಿದ್ಯೆಯೆಂದು ಹೆದರುತ್ತಾರೆ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ, ಅದರ ಖಂಡನೆ, ಅನಂತರ ಸಿದ್ಧಾಂತ ಎಂಬ ಕ್ರಮ ಶತಶತಮಾನಗಳಿಂದ ನಡೆದುಬಂದಿದೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರಿಸುವುದು ಪಂಡಿತರ ಸಭೆಯ ಮರ್ಯಾದೆಯಾಗಿತ್ತು. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದ ಕೇಳಿ ಬೆಳೆದ ಕರಾವಳಿ ಮಲೆನಾಡಿನ ಹುಡುಗರಿಗಂತೂ ಇದು ರಕ್ತಗತವಾದದ್ದೇ. ‘ಕೃಷ್ಣನೂ ಕೌರವನೂ ಸಂಧಾನದ ಪ್ರಸಂಗದಲ್ಲಿ ಹೇಗೆ ವಾದಿಸುತ್ತಾರೋ ಹಾಗೆ ಬರೆ, ಇಬ್ಬರ ಅರ್ಥವನ್ನೂ ನೀನೇ ಹೇಳು’ ಎಂದರೆ ಅವರ ಕಣ್ಣು ಅರಳುತ್ತಿತ್ತು. ಯಾರೋ ಬರೆದುಕೊಟ್ಟ ಪ್ರಬಂಧವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಮಾತ್ರ ಉಳಿಗಾಲವಿಲ್ಲ. ಅಲ್ಲಿ ಮನುಷ್ಯರೂ ಓದುತ್ತಾರೆ, ಯಂತ್ರವೂ ಓದುತ್ತದೆ. ಒಂದೇ ಅಚ್ಚಿನ ಬರಹಗಳು ಪತ್ತೆಯಾಗುತ್ತವೆ.

ಖರ್ಚಿನ ಮಾತು ಸಣ್ಣದಲ್ಲ. ಜಿಆರ್‌ಇಯ ಶುಲ್ಕವೇ ಇನ್ನೂರು ಡಾಲರಿಗೂ ಮೀರಿದ್ದು. ಎಸ್‌ಎಟಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಕೊಡುವ ಶುಲ್ಕವಿನಾಯಿತಿ ಅಮೆರಿಕದವರಿಗೇ ಮೀಸಲು. ನಮ್ಮ ಮಕ್ಕಳಿಗೆ ಅದು ದಕ್ಕುವುದಿಲ್ಲ. ಇದರ ಮೇಲೆ ತರಬೇತಿ ಸಂಸ್ಥೆಗಳ ಶುಲ್ಕ. ತಂದೆತಾಯಂದಿರು ಒಂದು ವಿಷಯ ತಿಳಿದಿರಬೇಕು. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯೇ ಪೂರ್ಣಪ್ರಮಾಣದ ಎರಡು ಅಭ್ಯಾಸಪರೀಕ್ಷೆಗಳನ್ನು ಬಿಟ್ಟಿಯಾಗಿ ಒದಗಿಸುತ್ತದೆ. ಎಸ್‌ಎಟಿಗೂ ಕಾಲೇಜ್ ಬೋರ್ಡಿನವರ ಅಭ್ಯಾಸಪರೀಕ್ಷೆಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಗಣಿತವಂತೂ ಪ್ರೌಢಶಾಲೆಯ ಮಟ್ಟದ್ದು, ಜಿಆರ್‌ಇಯಲ್ಲಿ ಕಲನಶಾಸ್ತ್ರವಿಲ್ಲ. ಮೊದಲು ಈ ಬಿಟ್ಟಿ ಪರೀಕ್ಷೆಯೊಂದನ್ನು ಗಡಿಯಾರವಿಟ್ಟುಕೊಂಡು ಬರೆದು, ತನ್ನ ಕೊರತೆ ಎಲ್ಲಿದೆ ಎಂದು ಕಂಡುಕೊಂಡು, ಅನಂತರ ತರಬೇತಿ ಬೇಕೆ ಬೇಡವೆ ಎಂದು ನಿರ್ಧರಿಸುವುದು ಜಾಣತನ. ರೋಗ ಪತ್ತೆಯಾಗುವ ಮೊದಲೇ ಮದ್ದಿಗೆ ಹಣ ಸುರಿಯುವವರುಂಟೆ? ಕಣ್ಣು ಕಾಣದವರಿಗೆ, ಇತರ ಅಂಗವಿಕಲರಿಗೆ ಹೆಚ್ಚಿನ ಸಮಯವೇ ಮೊದಲಾದ ಸೌಕರ್ಯಗಳಿವೆ. ಅದಕ್ಕೆ ಬೇಕಾದ ದಾಖಲೆಗಳನ್ನು ಮಾತ್ರ ಸಾಕಷ್ಟು ಮುಂಚೆ ಕಳುಹಿಸಬೇಕು.

ಇದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ: ಪರೀಕ್ಷೆ ಬರೆಯಲೇಬೇಕೆ? 2020ರಲ್ಲಿ ಕೋವಿಡ್ ಪಿಡುಗು ಬಂದು ಪರೀಕ್ಷಾಕೇಂದ್ರಗಳು ಮುಚ್ಚಿದಾಗ, ಅಮೆರಿಕದ ಬಹಳಷ್ಟು ಕಾಲೇಜುಗಳು ಎಸ್‌ಎಟಿ ಕಡ್ಡಾಯವಲ್ಲ ಎಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮುಂದೆ ಹೋಗಿ, ಪ್ರವೇಶದ ನಿರ್ಧಾರದಲ್ಲಿ ಆ ಅಂಕವನ್ನು ನೋಡುವುದನ್ನೇ ನಿಲ್ಲಿಸಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಹಾರ್ವರ್ಡ್ ಮುಂತಾದವು ಅದೇ ಹಾದಿ ಹಿಡಿದವು. ಹೆಸರಿಲ್ಲದ ಊರಿನ, ಅನುಕೂಲವಿಲ್ಲದ ಶಾಲೆಯ ಪ್ರತಿಭಾವಂತರನ್ನು ಗುರುತಿಸಲು ಈ ಅಂಕವೇ ನೆರವಾಗುತ್ತದೆ ಎಂಬುದು ಮರಳಿ ತಂದವರ ವಾದ. ಅನುಕೂಲವಂತರೇ ಇದರಲ್ಲಿ ಮುಂದೆ ನಿಲ್ಲುತ್ತಾರೆ ಎಂಬುದು ಕೈಬಿಟ್ಟವರ ವಾದ. ಎರಡರಲ್ಲಿಯೂ ಸತ್ಯಾಂಶವಿದೆ. ಸ್ನಾತಕೋತ್ತರ ವಿಭಾಗಗಳಲ್ಲಿ ಜಿಆರ್‌ಇಯನ್ನು ಕೈಬಿಟ್ಟವು ಅನೇಕ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ವಿದ್ಯಾಲಯದ ಆಯ್ಕೆ ಎಂಬ ಕ್ರಮ ತಿರುಗಾಮುರುಗಾ ಆದದ್ದು. ಓದಬೇಕಾದ ವಿಷಯ, ಅದಕ್ಕೆ ತಕ್ಕ ಏಳೆಂಟು ವಿಭಾಗಗಳು, ಅವು ಈ ವರ್ಷ ಏನು ಕೇಳುತ್ತವೆ ಎಂಬ ಪಟ್ಟಿ, ಅನಂತರ ಪರೀಕ್ಷೆ. ಹೀಗೆ ನೋಡಿದ ಎಷ್ಟೋ ಮಂದಿಗೆ ಒಂದು ಪರೀಕ್ಷೆಯ ಖರ್ಚೇ ಉಳಿದಿದೆ. ಟೋಫೆಲ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷ, ಜಿಆರ್‌ಇಗೆ ಐದು ವರ್ಷ ಆಯುಸ್ಸು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ಉಪಾಯಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು. ಹಾಸನದ ಕಡೆಯಿಂದ ಬಂದ ಒಬ್ಬ ಹುಡುಗಿಯ ನೆನಪಾಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು, ರಸಾಯನಶಾಸ್ತ್ರದಲ್ಲಿ ತನ್ನ ಕಾಲೇಜಿಗೇ ಮೊದಲಿಗಳು. ಜಿಆರ್‌ಇಯ ಭಾಷಾವಿಭಾಗದಲ್ಲಿ ಅವಳಿಗೆ 148 ಬಂದಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು, ‘ಸಾರ್, ಇಷ್ಟು ದಿನ ಎಲ್ಲರೂ ನನ್ನನ್ನು ಬುದ್ಧಿವಂತೆ ಅಂದದ್ದು ಸುಳ್ಳೇನು?’ ಎಂದಳು. ಜೊತೆಗೆ ಬಂದಿದ್ದ ಅವಳ ತಂದೆ, ‘ಮೂರು ತಿಂಗಳು ಕೋಚಿಂಗಿಗೆ ಸೇರಿಸಿದ್ದೆ ಸ್ವಾಮಿ, ಸಾಲ ಮಾಡಿ’ ಎಂದಷ್ಟೇ ಹೇಳಿ ಸುಮ್ಮನಾದರು.

‘ಯಜಮಾನರೇ, ನಿಮ್ಮ ಮಗಳ ರಸಾಯನಶಾಸ್ತ್ರವನ್ನು ಈ ಹಾಳೆ ಕೇಳಿಯೇ ಇಲ್ಲ’ ಎಂದೆ. ನಾನು ಹೇಳಿದ್ದು ಸಮಾಧಾನದ ಮಾತಾಗಿರಲಿಲ್ಲ. ಈ ಅಂಕ ಸುಮಾರು ಎರಡು ಮೂರು ಅಂಕಗಳಷ್ಟು ಹಿಂದುಮುಂದಾಗುವುದು ಸಹಜವೆಂದು ಪರೀಕ್ಷೆ ನಡೆಸುವವರ ಲೆಕ್ಕವೇ ತಿಳಿಸುತ್ತದೆ. 148ಕ್ಕೂ 150ಕ್ಕೂ ನಡುವಿನ ಅಂತರವನ್ನು ನೆಚ್ಚಿ ಯಾರ ಹಣೆಬರಹವನ್ನೂ ಬರೆಯುವಂತಿಲ್ಲ. ಕೇವಲ ಜಿಆರ್‌ಇಯ ಒಂದು ಗಡಿಯನ್ನು ಎಳೆದು ಅದರ ಕೆಳಗಿನವರನ್ನೆಲ್ಲ ತಿರಸ್ಕರಿಸಕೂಡದೆಂದು ಇಟಿಎಸ್ ಸಂಸ್ಥೆ ವಿದ್ಯಾಲಯಗಳಿಗೆ ತನ್ನ ಮಾರ್ಗದರ್ಶಿ ಸೂತ್ರದಲ್ಲಿ ತಾನೇ ಎಚ್ಚರಿಸಿದೆ. ಎಲ್ಲ ವಿಭಾಗಗಳೂ ಆ ಮಾತನ್ನು ಪಾಲಿಸುತ್ತವೆಂದು ಹೇಳಲಾರೆ. ಆದರೆ ರಸಾಯನಶಾಸ್ತ್ರದ ವಿಭಾಗ ಮುಖ್ಯವಾಗಿ ನೋಡುವುದು ಪ್ರಯೋಗಶಾಲೆಯ ಕೆಲಸವನ್ನು, ಅಧ್ಯಾಪಕರ ಶಿಫಾರಸು ಪತ್ರಗಳನ್ನು, ಉದ್ದೇಶಪತ್ರವನ್ನು. ನಾವು ಮೂವರೂ ಕುಳಿತು, ಜಿಆರ್‌ಇ ಕೇಳದ ವಿಭಾಗಗಳ ಪಟ್ಟಿ ಮಾಡಿದೆವು. ಅವಳ ಉದ್ದೇಶಪತ್ರವನ್ನು ಮೊದಲು ಕನ್ನಡದಲ್ಲಿಯೇ ಬರೆಯಲು ಹೇಳಿದೆ. ಊರ ಕೆರೆಯ ನೀರನ್ನು ಕಾಲೇಜಿನ ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದ ಕಥೆಯನ್ನು ಅವಳು ಎಷ್ಟು ಚೊಕ್ಕವಾಗಿ ಬರೆದು ತಂದಳೆಂದರೆ, ಇಂಗ್ಲಿಷಿಗೆ ತರುವಾಗ ಹೆಚ್ಚೇನೂ ತಿದ್ದಬೇಕಾಗಲಿಲ್ಲ. ಮರುವರ್ಷ ಅವಳಿಗೆ ಬೋಧನಾಸಹಾಯಕಳ ಭತ್ಯೆಯೊಂದಿಗೆ ಪ್ರವೇಶ ದೊರೆಯಿತು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಒಳ್ಳೆಯ ಅಂಕ ಪಡೆದೂ ಹಣ ಹೊಂದಿಸಲಾರದೆ ನಿಂತವರಿದ್ದಾರೆ. ಪ್ರವೇಶ ಸಿಕ್ಕಿ ವೀಸಾ ಸಿಗದವರಿದ್ದಾರೆ. ಹೊರಡುವುದೇ ಬೇಡವೆಂದು ನಿರ್ಧರಿಸಿ ಇಲ್ಲಿಯೇ ಹೆಸರು ಮಾಡಿದವರೂ ಇದ್ದಾರೆ. ಅವರಲ್ಲಿ ಯಾರೂ ಒಂದು ಮೂರಂಕಿಯ ಸಂಖ್ಯೆಯಲ್ಲಿ ಅಡಗುವಷ್ಟು ಸಣ್ಣವರಾಗಿರಲಿಲ್ಲ.

ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮಗನೋ ಮಗಳೋ ಇಂಥ ಪರೀಕ್ಷೆಗೆ ಕುಳಿತರೆ, ಫಲಿತಾಂಶದ ದಿನ ಅಂಕವೆಷ್ಟು ಎಂದು ಕೇಳುವ ಮುನ್ನ ಊಟವಾಯಿತೆ ಎಂದು ಕೇಳಿ. ಅಂಕವನ್ನು ಅಕ್ಕಪಕ್ಕದವರಿಗೆ ಸಾರುವ ಮೊದಲು, ಅದು ಯಾವ ಅಳತೆಯದು, ಎಷ್ಟು ಮಂದಿಯ ನಡುವಿನದು, ಆಯ್ದ ವಿದ್ಯಾಲಯ ಅದನ್ನು ಕೇಳಿದೆಯೆ ಎಂದು ವಿಚಾರಿಸಿ. ಯಾರೇ ಸಲಹೆ ಹೇಳಲಿ, ನಿಮ್ಮಿಂದಲ್ಲದೆ ಬೇರೆ ಯಾರಿಂದ ಅವರಿಗೆ ಹಣ ಸಲ್ಲುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ಇಷ್ಟು ಮಾಡಿದರೆ ಹೊಸ್ತಿಲು ದಾಟುವವರು ಎಡವದೆ ದಾಟುತ್ತಾರೆ. ದಾಟದೆ ಉಳಿದವರು ತಲೆ ತಗ್ಗಿಸಬೇಕಾಗುವುದಿಲ್ಲ.

(ಬಾನುಲಿ ಭಾಷಣ)